ಯಂಕವ್ವನ ಅಂಗಳದ ಕ್ಯಾಮೆರಾ

ಹಿಂಗಾರಿನ ಮಳೆ ಅಂದು ಸಂಜೆಯಿಂದಲೇ ಹತ್ತಿಮತ್ತೂರಿನ ಮೇಲೆ ಬಿಡದೆ ಹಿಡಿದಿತ್ತು. ಒಣಗಲು ಹರವಿದ್ದ ಗೋವಿನಜೋಳವನ್ನು ಬಳಿದು ರಾಶಿ ಮಾಡಿ, ತಾಡಪತ್ರಿ ಹೊದಿಸಿ, ಅಂಚಿಗೆ ಕಲ್ಲು ಹೇರುವಷ್ಟರಲ್ಲಿ ಏಳೆಂಟು ಜನ ತೊಯ್ದು ತೊಪ್ಪೆಯಾಗಿ ಗೋದಾಮಿನೊಳಗೆ ಸೇರಿದ್ದರು. ಕರೆಂಟು ಹೋಗಿತ್ತು. ಯಾರೋ ಮೊಬೈಲಿನ ಬೆಳಕು ಹಚ್ಚಿ ಚೀಲದ ಮೇಲಿಟ್ಟರು, ಇನ್ನೊಬ್ಬರು ಮಂಡಕ್ಕಿಯ ಪೊಟ್ಟಣ ಬಿಚ್ಚಿದರು. ಮಾತು ಜೋಳದ ಕಳ್ಳರ ಕಡೆ ಹೊರಳಿತು. ಗೋದಾಮಿಗೆ ಕ್ಯಾಮೆರಾ ಹಚ್ಚಿಸಿಬಿಟ್ಟರೆ ಯಾರ ಬಣ್ಣ ಏನೆಂದು ನಿಚ್ಚಳವಾಗುತ್ತದೆ ಎಂದ ಯಲ್ಲಪ್ಪ.

ಚೀಲಕ್ಕೆ ಬೆನ್ನು ಕೊಟ್ಟು, ಕಂಬಳಿ ಹೊದ್ದು ಕುಳಿತಿದ್ದ ಉಳಿವೆಪ್ಪಜ್ಜ ನಕ್ಕ. ಎಂಬತ್ತು ದಾಟಿದ ಜೀವ. ಊರಿನ ನ್ಯಾಯ ಬಗೆಹರಿಸುವ ಹಿರಿಯರಲ್ಲಿ ಒಬ್ಬ.

"ನಿಚ್ಚಳ ಆಗೂದು ಬೇಕೇನಪಾ ನಿನಗ? ಬೇಕಾದ್ರ ಹತ್ರ ಸರಕೊಂಡು ಕುಂಡ್ರು. ಇದು ಕೇಳಿದ್ದಲ್ಲ, ನಾ ಕುಂತು ನೋಡಿದ್ದು...

"ಕೆಳಗಿನ ಓಣ್ಯಾಗ ಯಂಕವ್ವನ ಮನಿ ಗೊತ್ತೈತಲ್ಲ? ನಡುವ ಅಂಗಳಾ, ಈ ಕಡೆ ಆಕೀ ಹಳೇ ಮನಿ, ಆ ಕಡೆ ದೊಡ್ಡ ಮಗಾ ಕರಬಸಪ್ಪನ ಹೊಸಾ ಮನಿ. ಸಣ್ಣ ಮಗಾ ಸುನೀಲ ತೀರಿಕೊಂಡಮ್ಯಾಲ ಯಂಕವ್ವ, ಸೊಸಿ ಭಾಗ್ಯಶ್ರೀ ಇಬ್ಬರss ಹೊಲಾ ಮಾಡ್ಕೊಂಡು, ಜಗಳಾಡಿಕೋತ, ನಕ್ಕೋತ ಇದ್ರು. ಹೋದ ವರ್ಷ ಭಾಗ್ಯಶ್ರೀ ಎರಡು ದಿನಾ ತೌರಮನಿ ಅಬಲೂರಿಗೆ ಹೋಗಿದ್ಲು. ಕರಬಸಪ್ಪ ಅವ್ವನ್ನ ತನ್ನ ಮನಿಗೆ ಕರಕೊಂಡು ಹೋದಾ. ಹುಡಿಗಿ ತಿರುಗಿ ಬರೂದ್ರಾಗ ಮುದುಕೀನ ಮಣ್ಣ ಮಾಡಿ ಮುಗಿಸಿದ್ದಾ. ಜ್ವರಾ ಬಂದಿತ್ತು, ಹೋದ್ಲು ಅಂದಾ. ಹೆಣಕ್ಕ ಹಣಿತನಾ ಸೀರಿ ಎಳದು ಗ್ವಾಡಿಗೆ ಕುಂಡ್ರಿಸಿದ್ದಾ, ನಾವು ಸರಿಸಿ ನೋಡಿದ್ವೇನು? ಇಲ್ಲ... ದೊಡ್ಡ ಮಗಾ ಅಂದದ್ದು ಖರೆ ಅಂದ್ವಿ, ಮಣ್ಣ ಕೊಟ್ಟು ಬಂದ್ವಿ.

"ತಿಂಗಳ ಕಳದಿಲ್ಲ, ಕರಬಸಪ್ಪ ಅಂಗಳದ ಕಂಬಕ್ಕ ಕ್ಯಾಮೆರಾ ಬಡದಾ. ಕಳ್ಳರ ಸಲುವಾಗಿ ಅಂದಾ. ಕಳ್ಳರ ಸಲುವಾಗಿ ಇದ್ರ ಅದರ ಕಣ್ಣ ಭಾಗ್ಯಶ್ರೀ ಬಾಗಲಕ್ಕss ಯಾಕ ಇರಬೇಕಿತ್ತು, ನೀವss ಹೇಳ್ರಿ? ಒಂದಿನ ನಮ್ಮನ್ನೆಲ್ಲಾ ಕರದು ಮೊಬೈಲ್ ತೋರಿಸಿದಾ. ದಿನಾ ಮಧ್ಯಾಹ್ನ ಹನ್ನೆರಡೂವರಿಗೆ ಒಂದು ಮಸುಕ ಆಕಾರ, ತಲಿಮ್ಯಾಲ ಬೆಳ್ಳಗ ಏನೋ ಸುತ್ತೈತಿ, ಆಕೀ ಬಾಗಲದಾಗ ಒಳಗ ಹೊಕ್ಕತೈತಿ. ರುಮಾಲು ಸುತ್ತಿದ ಗಂಡಸು, ಅಂದಾ. ಯಾವದೋ ಆ್ಯಪಿಗೆ ಹಾಕಿ ನಿಚ್ಚಳ ಮಾಡಿಸೇನಿ ಅಂತ ಇನ್ನೊಂದು ಚಿತ್ರಾ ತೋರಿಸಿದಾ. ಹೌದ್ರೆಪಾ, ಮೀಸಿ ಇದ್ದ ಮಾರಿ! ಇಂಥಾಕಿ ನಮ್ಮ ಅವ್ವನ ಮನ್ಯಾಗ ಇರಬಾರ್ದು, ಕಳಸ್ರಿ ಅಬಲೂರಿಗೆ, ಅಂದಾ. ನಾವು ತಲಿ ಅಳ್ಳಾಡಿಸಿದ್ವಿ. ನಾನೂ ಅಳ್ಳಾಡಿಸಿದೆ...

"ಹುಡಿಗಿ ಅಳತಾಳ ಅಂತ ಮಾಡಿದ್ವಿ. ಅಳಲಿಲ್ಲ. ಸೆರಗ ಸೊಂಟಕ್ಕ ಸಿಗಿಸಿ ನಡು ಅಂಗಳದಾಗ ನಿಂತು, 'ಮಸುಕ ಚಿತ್ರಾ ನೋಡಿ ನನ್ನ ಮಾನಾ ಅಳೀತೀರೇನ್ರಿ? ನಿಚ್ಚಳ ಮಾಡೂಣು. ನಾ ಎಲ್ಲಿಗೂ ಹೋಗೂದಿಲ್ಲ' ಅಂದ್ಲು. ಅಂದಾಕೀನss ಬಸ್ ಹತ್ತಿ ಸವಣೂರಿಗೆ ಹೋಗಿ, ಕ್ಯಾಮೆರಾ ರಿಪೇರಿ ಮಾಡೂ ಗೌಹರನ್ನ ಕರಕೊಂಡು ಬಂದ್ಲು.

"ಆ ಗೌಹರ ಏನ ಮಾಡಿದ್ಲು ಗೊತ್ತೇನು? ಮೊದಲ ಅದss ಆ್ಯಪಿಗೆ ಬಾಗಲಾ ಮುಂದಿನ ನೀರಿನ ಕೊಡದ ಮಸುಕ ಚಿತ್ರಾ ಹಾಕಿದ್ಲು. ಕೊಡಕ್ಕೂ ಮೀಸಿ ಬಂತು! 'ಕ್ಯಾಮೆರಾ ನೋಡಲಾರದ್ದನ್ನ ಮಷೀನು ಎಲ್ಲಿಂದ ತರತೈತ್ರಿ ಅಜ್ಜಾರ? ಊಹಾ ಮಾಡಿ ತುಂಬತೈತಿ, ಅಷ್ಟ. ಹಳೇ ಚಿತ್ರಾ ಇನ್ನ ನಿಚ್ಚಳ ಆಗೂದಿಲ್ಲ. ಕ್ಯಾಮೆರಾದ ಕಣ್ಣ ಸ್ವಚ್ಛ ಮಾಡತೇನಿ, ನಾಳಿಂದು ನೋಡ್ರಿ' ಅಂದು ನಿಚ್ಚಣಿಕಿ ಹತ್ತಿದ್ಲು. ಗಾಜಿಗೆ ಜೇಡರ ಬಲಿ ಹೆಣದಿತ್ತು, ಅದರಮ್ಯಾಲ ಜೋಳದ ಧೂಳು. ಮೆತ್ತನ್ನ ಅರಬೀಲೆ ಒರಸಿದ್ಲು. ಬಹಳ ದಿನದ್ದು ಹಿಡಸಲಿ ಅಂತ ಕರಬಸಪ್ಪ ಚಿತ್ರದ ಗುಣಮಟ್ಟಾ ತಳಕ್ಕ ಇಳಿಸಿದ್ದಾ, ಅದನ್ನ ಏರಿಸಿದ್ಲು. ಬಿಸಲು ನೇರ ಗಾಜಿಗೆ ಬಡ್ಯಾಕತ್ತಿತ್ತು, ಅದಕ್ಕ ಕ್ಯಾಮೆರಾನ ಒಂದೀಟು ಹೊಳ್ಳಿಸಿದ್ಲು. ಹೊಳ್ಳಿಸಿದ ಕೂಡಲೆ ಕರಬಸಪ್ಪನ ಬಾಗಲಾ, ಕಟ್ಟಿ, ಮೆಟ್ಟಲಾನೂ ಅದರಾಗ ಬಂದ್ವು."

ಗಾಳಿ ಬೀಸಿ ಹೊರಗೆ ತಾಡಪತ್ರಿಯ ಒಂದು ಮೂಲೆ ಪಟಪಟ ಬಡಿಯತೊಡಗಿತು. ಯಾರೂ ಏಳಲಿಲ್ಲ. ಅಜ್ಜ ಕಂಬಳಿಯ ಒಳಗೆ ಎಡ ಹೆಗಲನ್ನು ಮೆಲ್ಲಗೆ ತಿಕ್ಕಿಕೊಂಡ.

"ಮರುದಿನ ಭಾಗ್ಯಶ್ರೀ ತನ್ನ ಮನೀಗೆ ಕೀಲಿ ಹಾಕಿ, ಕೀಲಿಕೈ ನನ್ನ ಕೈಯಾಗ ಕೊಟ್ಟು, ನಮ್ಮ ಎದರಿಗೇ ಕುಂತ್ಲು. ನಾವು ಐದು ಮಂದಿ ಹಿರಿಯಾರು ಕರಬಸಪ್ಪನ ಜೋಡಿ ಅವನ ಕಟ್ಟಿಮ್ಯಾಲ. ನಾ ಮೆಟ್ಟಲಾ ಹತ್ತಿರ. ಗೌಹರ ಮೊಬೈಲ್ ಹಿಡದಿದ್ಲು. ಎಷ್ಟ ನಿಚ್ಚಳ ಅಂತೀರಿ, ನನ್ನ ಅಂಗಿ ಗುಂಡಿ ಎಣಸಬೌದಿತ್ತು. ಹನ್ನೆರಡೂವರಿ ಆತು... ಮೊಬೈಲಿನಾಗ ಕರಬಸಪ್ಪನ ಬಾಗಲದಾಗಿಂದ ಒಬ್ಬಾಕಿ ಹೊರಗ ಬಂದ್ಲು. ಕಣ್ಣೆತ್ತಿ ಬಾಗಲಾ ನೋಡಿದೆ, ಯಾರೂ ಇಲ್ಲ. ಮೊಬೈಲ್ ನೋಡಿದೆ, ಅದಾಳ! ಯಂಕವ್ವ. ಅದss ಗೂನು, ಅದss ಹಸರು ಸೀರಿ. ತಲಿಮ್ಯಾಲ ಬೆಳ್ಳಗ ಕಂಡದ್ದು ರುಮಾಲಲ್ಲ... ಬಟ್ಟಿ ಪಟ್ಟಿ, ರಕ್ತಾ ಹತ್ತಿದ ಪಟ್ಟಿ. ನಮ್ಮ ನಡುವ ಹಾದು ಬಂದ್ಲು. ಮೆಟ್ಟಲಾ ಇಳಿಯೂಮುಂದ ಆಧಾರಕ್ಕ ನನ್ನ ಹೆಗಲಮ್ಯಾಲ ಕೈ ಊರಿದ್ಲು. ಭಾರ ಏನೂ ಹತ್ತಲಿಲ್ಲ. ತಂಪು... ಬರೇ ತಂಪು. ಅಂಗಳಾ ದಾಟಿ, ಕೀಲಿ ಹಾಕಿದ ಬಾಗಲದಾಗ ಹಾಂಗss ಒಳಗ ಹೋದ್ಲು.

"ಭಾಗ್ಯಶ್ರೀ ಒಬ್ಬಾಕೀನss ಎದ್ದು ನಿಂತು, 'ಜ್ವರಾ ಬಂದಾಕೀಗೆ ತಲಿಗೆ ಪಟ್ಟಿ ಯಾಕ್ರಿ, ಭಾವಾರ?' ಅಂತ ಕೇಳಿದ್ಲು.

"'ನಾ ಬೇಕಂತ ನೂಕಿಲ್ಲ!' ಅಂತ ಚೀರಿದಾ ಕರಬಸಪ್ಪ. ನೂಕಿದಿ ಅಂತ ಯಾರರ ಅಂದಿದ್ವೇನು? ಮನಿ ತನ್ನ ಹೆಸರಿಗೆ ಬರದು ಕೊಡು ಅಂದಿದ್ನಂತ. ಮುದುಕಿ, ಸೊಸೀನ ಬೀದಿಗೆ ಹಾಕಂಗಿಲ್ಲ ಅಂತ ಹನ್ನೆರಡೂವರಿ ಸುಮಾರಿಗೆ ಎದ್ದು ಹೊಂಟಿದ್ಲಂತ. ಹೊಸ್ತಲಾ ದಾಟಗೊಡಲಿಲ್ಲ ಮಗಾ.

"ಆಮ್ಯಾಲ ಕ್ಯಾಮೆರಾ ಕೀಳ್ರಿ, ಯಾರನ್ನರ ಕರಿಸಿ ಇದನ್ನ ಓಡಸ್ರಿ ಅಂತ ಬಡಕೊಂಡಾ. ಭಾಗ್ಯಶ್ರೀ ಕಂಬಕ್ಕ ಬೆನ್ನು ಹಚ್ಚಿ ನಿಂತ್ಲು. 'ಆಕೀ ತನ್ನ ಮನೀಗೆ ತಾ ಬಂದಾಳ. ಒಮ್ಮೆ ತಡದೀರಿ, ಎರಡನೇ ಸಲಾ ತಡ್ಯಾಕ ನಾ ಬಿಡೂದಿಲ್ಲ' ಅಂದ್ಲು. ನನ್ನ ಕೈಯಾಗಿಂದ ಕೀಲಿಕೈ ಕಸಗೊಂಡು, ಬಾಗಲಾ ತಗದು, 'ಅತ್ತೀ, ಹಸದೀರೇನ್ರಿ? ರೊಟ್ಟಿ ಬಡೀತೇನಿ' ಅಂತ ಒಳಗ ಹೋದ್ಲು. ಆಕೀ ದನಿ ನಡಗಲಿಲ್ಲ.

"ಮರುದಿನ ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಟ್ಲು. ನಾನೂ ಹೋಗಿ ಹೆಬ್ಬಟ್ಟು ಒತ್ತಿದೆ, ತಲಿ ಅಳ್ಳಾಡಿಸಿದ ಪಾಪ ಇತ್ತಲ್ಲ. ಕೇಸ್ ನಡದೈತಿ, ಜಾಮೀನಮ್ಯಾಲ ಹೊರಗ ಬಂದ ಕರಬಸಪ್ಪ ಊರು ಬಿಟ್ಟು ಹಿರೇಕೆರೂರಿನಾಗ ಅದಾನ. ಅಲ್ಲೇ ಕುಂತು ಅವ್ವನ ಮನಿ ಮಾರಾಕ ಇನ್ನೂ ಗಿರಾಕಿ ಕಳಸತಾನ."

"ಯಾರರ ತಗೊಂಡ್ರೇನು, ಅಜ್ಜಾ?" ಎಂದ ಯಲ್ಲಪ್ಪ. ಅವನ ದನಿ ತಗ್ಗಿತ್ತು.

ಅಜ್ಜ ಗೋಡೆ ಹಿಡಿದು ಎದ್ದು ಹೊರಗಿನ ಕತ್ತಲೆಯನ್ನು ನೋಡಿದ.

"ಮೊನ್ನೆ ಸೋಮವಾರ ಹಾನಗಲ್ ಕಡೇ ಇಬ್ಬರು ಬಂದಿದ್ರು. ಮನಿ ನೋಡಿ, ನನ್ನ ಹತ್ರ ಬಂದು, ಬ್ಯಾಡ್ರಿ ಅಜ್ಜಾರ, ಆ ಹೆಣ್ಮಗಳು ಕೊಡೂದಿಲ್ಲಂತ, ಬಾಗಲಾ ತಗದಾಕೀನss ಕಡ್ಡಿ ಮುರದಂಗ ಹೇಳಿದ್ಲು ಅಂದ್ರು. ಭಾಗ್ಯಶ್ರೀ ಭಾಳ ಗಟ್ಟಿ ಹುಡಿಗಿ ಬಿಡ್ರಿ ಅಂದೆ ನಾನು. ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿದ್ರು. 'ಹುಡಿಗಿ ಯಾರೂ ಇರಲಿಲ್ರಿ... ತಲಿಗೆ ಪಟ್ಟಿ ಕಟಗೊಂಡ ಮುದುಕಿ' ಅಂದ್ರು."