ಐದರ ಗೆರೆ

...ಅಲ್ಲಯ್ಯ, ನಿನ್ನನ್ನ ಕೆಲಸದಿಂದ ತೆಗೀರಿ ಅಂತ ನಾನೇನಾದ್ರೂ ಅಂದೆನಾ? ಸಾಹೇಬರು ಕೇಳಿದ್ರು, ಹೇಳಿದೆ. ಅಷ್ಟೇ! ಬಾ ಒಳಗೆ. ಬಾಗಿಲಲ್ಲೇ ಯಾಕೆ ನಿಂತೆ? ಭಾವನ ಮುಖ ನೋಡೋಕೆ ಅಷ್ಟು ಬೇಜಾರಾ? ಖಾಲಿ ಸಿಲಿಂಡರು ಮೂಲೇಲಿದೆ, ಒಯ್ಯಿ. ಕೊನೇ ಟ್ರಿಪ್ಪು... ಮೆರವಣಿಗೆ ಮಾಡಿಸ್ಲಾ?

ಓ, ಇದನ್ನ ನೋಡ್ತಿದ್ದೀಯಾ? ನೋಡು, ಕಣ್ತುಂಬ ನೋಡು! ಸ್ಪೆಕ್ಟ್ರೋಮೀಟರು. ಕುಡಿಯೋ ನೀರಲ್ಲಿ ಸೀಸ ಎಷ್ಟಿದೆ ಅಂತ ಹೇಳೋ ಮಹಾತಾಯಿ. ಈಗ ಮುಸುಕು ಹಾಕ್ಕೊಂಡು ಮಲಗಿದ್ದಾಳೆ. ನಮ್ಮ ನಿಮ್ಮ ಗಾಳಿ ಇವಳಿಗೆ ಆಗಲ್ಲ, ನೈಟ್ರೋಜನ್ನೇ ಬೇಕು. ಅದೂ ಹದವಾಗಿ! ಒತ್ತಡ ಐದರ ಗೆರೆ ದಾಟಿದ್ರೆ ಒಳಗಿನ ಕೊಳವೆ ಪಟ್ ಅಂತ... ಅಂದಿತಲ್ಲ.

ಯಾಕೆ ಹಾಗೆ ನೋಡ್ತೀಯ? ಸಿಲಿಂಡರಿಗೆ ರೆಗ್ಯುಲೇಟರು ಕೂರಿಸಿದ್ದು ನೀನು. ಕೂರಿಸಿದವನದ್ದೇ ತಪ್ಪು ಅಂದೆ. ಸುಳ್ಳಾ? ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತಾ ಅಂತ ಮೂರು ಸಲ ನೋಡಿದವನು ನೀನು. ಒತ್ತಡದ ಮುಳ್ಳು ಸರಿಯಾಗಿ ನಾಲ್ಕಕ್ಕೆ ನಿಲ್ಲಿಸಿ, "ಒಳಗಿನ ಗಾಳಿ ಹೋಗೋಕೆ ಎರಡು ಗಂಟೆ ನೈಟ್ರೋಜನ್ ಹರೀಲಿ ಭಾವ, ಮುಟ್ಟಬೇಡಿ" ಅಂದವನೂ ನೀನೇ. ಆಹಾ, ದೊಡ್ಡ ವಿಜ್ಞಾನಿ! ಹದಿನೆಂಟು ವರ್ಷದಿಂದ ಈ ಲ್ಯಾಬಲ್ಲಿ ಬೆವರು ಸುರಿಸಿದವನಿಗೆ ಮೊನ್ನೆ ಬಂದವನ ಪಾಠ!

ಏನು? ...ನಾಲ್ಕಕ್ಕೇ ನಿಲ್ಲಿಸಿದ್ದೆ ಅಂತ ನಾನೇ ಅಂದೆನಾ? ಬಾಯಿತಪ್ಪಿ ಬಂತು ಬಿಡು.

ರೆಗ್ಯುಲೇಟರಿನ ತಿರುಪನ್ನೇ ಯಾಕೆ ದುರುಗುಟ್ಟಿ ನೋಡ್ತೀಯ? ಅವತ್ತು ನೀನು ಆಗಲೇ ಕೆಳಗಿಳಿದು ಹೋಗಿದ್ದೆ ತಾನೆ... ಇಲ್ವಾ? ಈ ಬಾಗಿಲಲ್ಲೇ ನಿಂತಿದ್ಯಾ? ...ನೋಡಿದ್ಯಾ?

ಮತ್ತೆ ಸಾಹೇಬರ ಮುಂದೆ ಕಲ್ಲಿನ ಥರ ಯಾಕೆ ನಿಂತಿದ್ದೆ? ಎದುರಿಗೇ ನಿಂತು ನಾನು ತಪ್ಪನ್ನ ನಿನ್ನ ಮೇಲೆ ಹಾಕಿದೆನಲ್ಲ! ನಿಮ್ಮಕ್ಕನಿಗೂ ಹೇಳಿಲ್ಲ ನೀನು. ಹೇಳಿದ್ದಿದ್ರೆ ಅವಳು ಇವತ್ತು ಬೆಳಿಗ್ಗೆ, "ನನ್ನ ತಮ್ಮನಿಗೆ ಎಲ್ಲಾದ್ರೂ ಒಂದು ಕೆಲಸ ನೋಡ್ರೀ" ಅಂತ ನನ್ನನ್ನೇ ಬೇಡ್ಕೋತಿರ್ಲಿಲ್ಲ.

ಎರಡು ಗಂಟೆ ಯಾರಯ್ಯ ಕಾಯ್ತಾರೆ... ಬೇಗ ಮನೆಗೆ ಹೋಗೋಣ ಅಂತ ನಾನೇ ತಿರುಪು ತಿರುಗಿಸಿದೆ. ಇಷ್ಟೇ ಇಷ್ಟು. ಆಮೇಲೆ ಇನ್ನೊಂಚೂರು...

ಬೈಯೋ! ಬಾಯಿಗೆ ಬಂದ ಹಾಗೆ ಬೈಯಿ. ...ಸರಿ. ಸಾಹೇಬರು ಇನ್ನೂ ರೂಮಲ್ಲೇ ಇದ್ದಾರೆ. ನಡಿ, ಹೋಗೋಣ. ಬೇಡ... ನೀನು ಇಲ್ಲೇ ಕೂತಿರು, ನಾನೊಬ್ಬನೇ ಹೋಗಿ ಹೇಳಿ ಬರ್ತೀನಿ. ನಿನ್ನೆದುರಿಗೆ ಸುಳ್ಳು ಹೇಳಿಬಿಟ್ಟೆ, ನಿನ್ನೆದುರಿಗೇ ನಿಜ ಹೇಳೋಕೆ ಆಗಲ್ಲ ಕಣೋ.