ಯಾದಿಯೊಳಗಿನ ಗುರುತು

ಗಡಹಿಂಗ್ಲಜ ಎಸ್‌ಟಿ ಸ್ಟ್ಯಾಂಡಿನಲ್ಲಿ ಕೊಲ್ಹಾಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಕಂಬಳಿ ಹೊದ್ದ ಕುರಿಗಾರನೊಬ್ಬ, ಅವನ ಸೋದರಳಿಯ. ಅಳಿಯ ಯಾವುದೋ ಊರಿಗೆ ನೀರು ಪೂರೈಸುವ ಘಟಕದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಅವನು ಆ ಊರಿನ ತನ್ನ ಮನೆಯ ನಲ್ಲಿಯಲ್ಲಿ ತುಂಬಿಸಿ ತಂದ ನೀರಿನ ಬಾಟಲಿ ಇಬ್ಬರ ನಡುವೆ ಇತ್ತು.

“ಮಾಮಾ, ಒಂದೊಂದು ಫೈಲಿಗೂ ಒಂದು ಹ್ಯಾಶ್ ಇರತೈತ್ರಿ. ನೀವು ಕುರಿ ಕಿವಿ ಕೊಯ್ದು ಗುರುತು ಮಾಡತೀರಲ್ಲ, ಹಂಗ. ಒಳಗ ಒಂದಕ್ಷರ ಬದಲಾದ್ರೂ ಗುರುತು ಪೂರಾ ಬ್ಯಾರೆ ಆಗತೈತಿ.”

“ಹೂಂ.”

“ಕಂಪನಿಯವ್ರು ಗುರುತಿನ ಯಾದಿ ಕೊಟ್ಟಾರ. ನಿನ್ನೆ ತಾಳೆ ನೋಡಿದ್ರ ಒಂದು ಫೈಲಿಂದಷ್ಟ ಕೂಡಲಿಲ್ಲ. ಹೆಸರು ಅದೇ, ಗುರುತು ಬ್ಯಾರೆ.”

“ಏನ್ ಕೆಲಸ ಅದರದು?”

“ನೀರಿಗೆ ಕ್ಲೋರಿನ್ ಎಷ್ಟು ಬಿಡಬೇಕಂತ ಹೇಳತೈತ್ರಿ.”

“ತಗದ್ಯೋ ಇಲ್ಲೋ, ದೀಪ್ಯಾ?”

“ಇವತ್ತ ಮುಂಜಾನೆ ಸಾಹೇಬ್ರಿಗೆ ತೋರಸಾಕ ಹೋದ್ರ ಎಲ್ಲಾ ಕೂಡಿದ್ವು. ನಿನಗ ನಿದ್ದಿ ಕಡಿಮಿ ಆಗೇತಿ ಅಂದ್ರು.”

“ಹಂಗಾರ ಅದು ಹೋತು.”

“ಇಲ್ರಿ. ನಿನ್ನೆ ಅದರ ಗುರುತು ಡೈರ್ಯಾಗ ಬರಕೊಂಡಿದ್ದೆ. ಫೈಲಿನ ಗುರುತು ಇವತ್ತೂ ಅದೇ ಐತಿ. ಬದಲಾಗಿದ್ದು ಯಾದಿ.”



“ಯಾದಿ ಎಲ್ಲಿಟ್ಟಿದ್ದಿ?”

“ಅದೇ ಕಂಪ್ಯೂಟರ್‌ನ್ಯಾಗ.”

“ನನ್ನ ಕುರಿ ಗುರುತು ನನ್ನ ತಲ್ಯಾಗ ಇರತಾವು. ಹಟ್ಟ್ಯಾಗ ಇಡಂಗಿಲ್ಲಪಾ.”

ಮಾಮಾ ಅಳಿಯನ ಕಡೆ ತಿರುಗಿ ಕೂತ.

“ನೀ ತಾಳೆ ನೋಡಿದ್ದು ನಿನ್ನೆ ಯಾರ್‍ಯಾರಿಗೆ ಗೊತ್ತಿತ್ತು?”

“ಯಾರಿಗೂ ಹೇಳಿರಲಿಲ್ರಿ. ಖೋಲ್ಯಾಗ ನಾನು, ಆ ಕಂಪ್ಯೂಟರ್. ಅಷ್ಟ.”

ಹಲಕರ್ಣಿ ಬಸ್ಸು ಬಂತು. ಮಾಮಾ ಕಂಬಳಿ ಸರಿಮಾಡಿಕೊಂಡು ಎದ್ದ, ಬಾಟಲಿಯನ್ನು ಮುಟ್ಟಲಿಲ್ಲ. ಹಿಂದೆಯೇ ಎದ್ದ ಅಳಿಯ ಅದನ್ನೊಮ್ಮೆ ನೋಡಿದ. ಅವನೂ ಎತ್ತಿಕೊಳ್ಳಲಿಲ್ಲ.