ಲೇತಿನ ಹಿಂದೆ ಸಿಕ್ಕ ಕೊರಡು

ಮರ ಕಡೆಯುವವನ ಅಂಗಡಿಯಲ್ಲಿ ಸರದಿಗೆ ಕಾಯುತ್ತಿದ್ದ ದರ್ಜಿಯ ಕಿವಿ, ಮುಂದಿದ್ದ ಅತ್ತೆ-ಸೊಸೆಯರ ಮಾತಿನತ್ತ ತಾನೇ ಹೊರಳಿತು.

“ಮಾವ ತೀರ್ಕೊಂಡ್ಮೇಲೆ ಅವರು ಮರ ಕಡೀತಿದ್ದ ಲೇತ್ ಹಿಂದೆ ಸಿಕ್ಕಿದ್ದು. ಯಾವ ಮರ ಇದು?” ಎಂದಳು ಸೊಸೆ, ಕೊರಡೊಂದನ್ನು ಮುಂದಿಟ್ಟು.

“ಕೆತ್ತಿ ನೋಡ್ಬೇಕಮ್ಮ” ಎಂದ ಅಂಗಡಿಯವನು.

ಉಳಿ ತಾಗಿದೊಡನೆ ಕಪ್ಪುಗೆಂಪು ಚಕ್ಕೆ ಎದ್ದಿತು. ಅತ್ತೆ ಒಂದರ ಮೇಲೊಂದು ಸೀನಿದರು.

“ಬೀಟೆ ಕಣೇ! ಇದರ ಪುಡಿ ನಂಗೆ ಮೊದಲಿಂದ್ಲೂ ಆಗ್ಬರಲ್ಲ.”

“ಮಾವ ಬೀಟೆ ಕಡೆದದ್ದು ನಾನು ನೋಡೇ ಇಲ್ವಲ್ಲ ಅತ್ತೆ?”

“ನಮ್ಮ ಮದುವೆಯಾದ ವರ್ಷಾನೇ ಬಿಟ್ರು. ಎಲ್ಲೂ ಸಿಗ್ತಿಲ್ಲ ಅಂದ್ರು.”

“ಸಿಗದೇ ಏನು ತಾಯಿ?” ಎಂದ ಅಂಗಡಿಯವನು. “ಇಲ್ಲಿ ಯಾವಾಗ್ಲೂ ಇರುತ್ತೆ. ನಿಮ್ಮ ಯಜಮಾನ್ರು ಬಂದಾಗೆಲ್ಲ ಅದರ ಮೇಲೆ ಕೈಯಾಡಿಸಿ, ಹಾಗೇ ಇಟ್ಟು ಹೋಗ್ತಿದ್ರು.”

ಅತ್ತೆ ಕೊರಡನ್ನು ಕೈಗೆತ್ತಿಕೊಂಡರು.

“ಮನೇಗೇ ಬಂದು ಅವರ ಲೇತಲ್ಲೇ ಕಡೀರಿ. ನಾನು ಪಕ್ಕದಲ್ಲೇ ಕೂತಿರ್ತೀನಿ.”

ಕೊರಡನ್ನು ಸೊಸೆಯ ಕೈಗೂ ಕೊಡದೆ, ಸೀನುತ್ತಲೇ ಮೆಟ್ಟಿಲಿಳಿದರು.